ಫೋನ್ ಇಡುವ ಮುಂಚೆ

ದಾನೇಶ್ವರಿಗೆ ಕೆಲಸ ಕೊಡಿಸಿದ್ದು ಬಿ.ಕಾಂ. ಡಿಗ್ರಿಯಲ್ಲ, ಅವ್ವನ ಬೈಗುಳ. ಮುಂಬಯಿ ಹತ್ತಿರದ ದಿವಾದಲ್ಲಿ, ಅವರಿದ್ದ ಚಾಳಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಎಸೆದು ಓಡುವವರು. ಚಂದ್ರಬಾಯಿ ಮಾತ್ರ ಮಗಳ ಬಾಯಲ್ಲಿ ಹಿಂದಿ ಬಂದರೆ ಊಟದ ತಾಟು ಹಿಂದಕ್ಕೆಳೆದು, "ಮನಿಯಾಗ ಮನಿ ಮಾತ ಆಡು. ಇಲ್ಲಂದ್ರ ಆ ಹಿಂದಿಗೇ ಕೇಳು ರೊಟ್ಟಿ" ಎನ್ನುತ್ತಿದ್ದಳು. ರೊಟ್ಟಿಯ ಆಸೆಗೆ ಉಳಿದ ಆ ಕನ್ನಡವೇ ಸೀವುಡ್ಸ್‌ನ ಕಾಲ್ ಸೆಂಟರಿನಲ್ಲಿ ಬೇಕಾಗಿತ್ತು. ಒಂದು ಮೊಬೈಲ್ ಕಂಪನಿಗೆ ಕರ್ನಾಟಕದಿಂದ ಬರುವ ದೂರಿನ ಕರೆಗಳನ್ನು ತೆಗೆದುಕೊಳ್ಳಲು ಅಲ್ಲೊಂದು ಕನ್ನಡದ ಸಾಲು ಇತ್ತು. ಸಾಲೆಂದರೆ ದೊಡ್ಡದೇನಲ್ಲ, ಗೋಡೆ ಬದಿಯ ನಾಲ್ಕು ಮೇಜು.

ಕೆಲಸದ ಪತ್ರ ಬಂದ ದಿನ ಅವಳ ಅಪ್ಪ ಹುಲಗಪ್ಪ, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಚೀಲ ಹೊರುವುದನ್ನು ಬಿಟ್ಟ. ಅವನ ಸೊಂಟ ಹೋಗಿ ವರ್ಷವಾಗಿತ್ತು, ಮಗಳ ಪರೀಕ್ಷೆ ಮುಗಿಯಲಿ ಎಂದು ಹಲ್ಲು ಕಚ್ಚಿ ಹೊತ್ತಿದ್ದ. ಬಿಟ್ಟ ಮೇಲೆ ಮತ್ತೆ ಹೊರುವ ಮಾತಿಲ್ಲ, ಅಷ್ಟರಲ್ಲಿ ಸರಿಯಾಗಿ ಕೂರಲೂ ಆಗುತ್ತಿರಲಿಲ್ಲ. ಕೆಲಸವೋ ಇನ್ನೂ ಪ್ರೊಬೇಷನ್. ಮೂರು ತಿಂಗಳು ನೋಡಿ, ಸರಿಯೆನಿಸಿದರೆ ಕಾಯಂ, ಇಲ್ಲದಿದ್ದರೆ ನಮಸ್ಕಾರ. ಇದನ್ನು ಅವಳು ಅಪ್ಪನಿಗೆ ಹೇಳಿದ್ದಳು. ಅವನು ನಕ್ಕು, "ನಿನ್ನ ಬಾಯಿ ಮುಂದ ಯಾರ ನಿಲ್ತಾರ ಬಿಡು" ಎಂದಿದ್ದ.

ಅವನು ಹಾಗೆ ಹೇಳಿದ್ದರಲ್ಲಿ ತಪ್ಪಿಲ್ಲ. ಡೊಂಬಿವಲಿಯ ಕಾಲೇಜಿನಲ್ಲಿ ಅವಳ ಬಾಯಿಗೆ ಹೆಸರಿತ್ತು. ಬೀದಿ ನಾಟಕದಲ್ಲಿ ಸ್ಟೇಷನ್ ಹೊರಗಿನ ರಿಕ್ಷಾದವರ ಗದ್ದಲ ಮೀರಿ ಕೂಗಿದವಳು. ಲೈಬ್ರರಿಯನ್ನು ಸಂಜೆ ಬೇಗ ಮುಚ್ಚುತ್ತಾರೆಂದು ಪ್ರಿನ್ಸಿಪಾಲರ ಬಾಗಿಲಲ್ಲಿ ಗೆಳತಿಯರನ್ನು ಕಟ್ಟಿಕೊಂಡು ಕುಳಿತು ವೇಳೆ ಬದಲಾಯಿಸಿದವಳು. ತಪ್ಪು ಕಂಡರೆ ಹೇಳಬೇಕು, ಹೇಳಿದರೆ ಯಾರಾದರೂ ಕೇಳುತ್ತಾರೆ. ಡಿಗ್ರಿಯಲ್ಲಿ ಅವಳು ನಿಜವಾಗಿ ಕಲಿತ ಪಾಠ ಇದೊಂದೇ. ಅಕೌಂಟೆನ್ಸಿ ಅಷ್ಟಕ್ಕಷ್ಟೇ.

ಕಾಲ್ ಸೆಂಟರಿನಲ್ಲಿ ಮಾತಿಗೆ ಸಂಬಳ, ಆದರೆ ಆ ಮಾತು ನಿಮ್ಮದಾಗಿರಬಾರದು. ಮೊದಲು ಏನನ್ನಬೇಕು, ನಡುವೆ ಏನು, ಗ್ರಾಹಕರು ಬೈದರೆ ಏನು, ಎಲ್ಲವೂ ಬರೆದಿತ್ತು. "ಯವ್ವಾ, ಕಾಕಾ" ಅನ್ನುವಂತಿಲ್ಲ, "ಮೇಡಂ, ಸರ್." ಫೋನ್ ಇಡುವ ಮುಂಚೆ ಕಡ್ಡಾಯವಾಗಿ, "ಕರೆ ಮಾಡಿದ್ದಕ್ಕೆ ಧನ್ಯವಾದಗಳು, ನಿಮ್ಮ ದಿನ ಶುಭವಾಗಿರಲಿ." ಈ ಸಾಲು ಬಿಟ್ಟರೆ ಫೇಟಲ್. ಫೇಟಲ್ ಎಂದರೆ ಉಳಿದದ್ದೆಲ್ಲ ಚೊಕ್ಕವಾಗಿದ್ದರೂ ಆ ಕರೆಗೆ ಸೊನ್ನೆ. ಅವಳು ಎಲ್ಲವನ್ನೂ ಬಾಯಿಪಾಠ ಮಾಡಿ, ಪುಸ್ತಕದ ಕನ್ನಡ ಗಂಟಲಿಗೆ ಹತ್ತಿಸಿಕೊಂಡು ನಡೆಸಿಕೊಂಡು ಹೋಗುತ್ತಿದ್ದಳು.

ಎರಡನೇ ತಿಂಗಳಲ್ಲಿ ಮಹಾದೇವಕ್ಕನ ಕರೆ ಬಂತು. ಆಳಂದದ ಕಡೆಯ ಹಳ್ಳಿಯ ಮುದುಕಿ, ಪಕ್ಕದ ಮನೆಯವರ ಫೋನಿನಿಂದ ಮಾಡಿದ್ದಳು.

"ನನ್ನ ಫೋನಿಗಿ ಯಾರ ಫೋನೂ ಬರವಲ್ದು ಯವ್ವಾ. ಪುಣೇದಾಗ ಮಗಳ ಇದ್ದಾಳ, ದಿನಾ ಸಂಜಿಗಿ ಮಾಡ್ತಿದ್ಳು."

ನಂಬರ್ ಹಾಕಿ ನೋಡಿದರೆ ಮಾಲೀಕರ ದಾಖಲೆ ಮತ್ತೆ ಕೊಡಬೇಕಿತ್ತು, ಕೊಡದ್ದರಿಂದ ಸಿಮ್ ನಿಂತಿತ್ತು. ಹೆಸರು ಅಂಬರೀಶ ಎಂದಿತ್ತು.

"ಮೇಡಂ, ಈ ನಂಬರ್ ಅಂಬರೀಶ್ ಅವರ ಹೆಸರಿನಲ್ಲಿದೆ. ದಯವಿಟ್ಟು ಅವರಿಗೆ ಫೋನ್ ಕೊಡುತ್ತೀರಾ?"

"ಅಂವ ನನ್ನ ಮಗ. ಸತ್ತು ಇನ್ನಾ ತಿಂಗಳ ಆಗಿಲ್ಲವ್ವಾ."

ಇದಕ್ಕೂ ಉತ್ತರ ಬರೆದಿತ್ತು: ಮರಣದ ದಾಖಲೆ ಹಿಡಿದು ಹತ್ತಿರದ ಕಂಪನಿ ಅಂಗಡಿಗೆ ಹೋಗಬೇಕು. ಮುದುಕಿ ಹೋಗಿ ಬಂದಿದ್ದಳು. ಅಂಗಡಿಯವರು, ನಮ್ಮ ಕೈಯಲ್ಲಿಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಎಂದಿದ್ದರು. ದಾನೇಶ್ವರಿ ದೂರು ಬರೆದುಕೊಂಡಳು. ಅದಕ್ಕಿಂತ ಹೆಚ್ಚಿನ ಬಟನ್ ಅವಳ ಪರದೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಮುದುಕಿ ಅಳತೊಡಗಿದಳು, ಮಗ ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದದ್ದು, ಹೆಣವನ್ನು ಟೆಂಪೋದಲ್ಲಿ ತಂದದ್ದು ಹೇಳಿದಳು. ದಾನೇಶ್ವರಿಯ ಬಾಯಿಂದ ಪುಸ್ತಕ ಜಾರಿಹೋಯಿತು.

"ಅಳಬ್ಯಾಡ ಯವ್ವಾ. ಊಟ ಮಾಡಿದ್ಯೋ ಇಲ್ಲೋ?"

"ನೀ ನಮ್ಮ ಕಡಿದಾಕೀ ಏನ?"

"ಹೂಂ ಯವ್ವಾ, ನಮ್ಮದೂ ಅದೇ ಸೀಮಿ."

ಮಾತು ಮುಗಿಯುತ್ತ ಬಂತು. ಕೊನೆಯ ಸಾಲು ಹೇಳಬೇಕಿತ್ತು. ಅವರ ಮಂದಿಯಲ್ಲಿ ಸತ್ತವರ ಮನೆಯಿಂದ ಏಳುವಾಗ "ಬರ್ತೀನಿ" ಅನ್ನುವುದಿಲ್ಲ. ಅಂದರೆ ಇಂಥದ್ದಕ್ಕೇ ಮತ್ತೊಮ್ಮೆ ಬರುತ್ತೇನೆ ಎಂದಂತೆ. ಏನೂ ಹೇಳದೆ ಎದ್ದು, ತಿರುಗಿ ನೋಡದೆ ನಡೆಯಬೇಕು. ಸಣ್ಣವಳಿದ್ದಾಗ ಚಾಳಿನ ಒಂದು ಮನೆಯಲ್ಲಿ ಬಾಯಿತಪ್ಪಿ ಹಾಗಂದು, ಅವ್ವ ತೋಳು ಜಿಗುಟಿದ್ದು ಅವಳಿಗೆ ಮರೆತಿರಲಿಲ್ಲ. ಬರ್ತೀನಿ ಅಂದರೇ ಹಾಗಾದರೆ, ಶುಭದ ಮಾತು ಹೇಗೆ ಆಡುವುದು? ಅವಳು ಒಂದೂ ಮಾತಾಡದೆ ಬಟನ್ ಒತ್ತಿದಳು.

ಆ ಕರೆಯೇ ಜಯಶೀಲಳ ಕೈಗೆ ಹೋಯಿತು. ಕರೆಗಳನ್ನು ಕೇಳಿ ಅಂಕ ಹಾಕುವವಳು ಜಯಶೀಲ, ಕುಂದಾಪುರದ ಕಡೆಯವಳು, ವರ್ತಕ ನಗರದಲ್ಲಿ ಮನೆ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಊಟ ಮಾಡಿದ್ಯಾ ಅಂತ ಕೇಳಿದ್ದೀಯಲ್ಲ, ಅದನ್ನ ಬಿಡ್ತೇನೆ. ಆದ್ರೆ ಕೊನೆಗೆ ಫೋನ್ ಕಟ್ ಮಾಡಿದ್ದು ಯಾಕೆ ಮಾರಾಯ್ತಿ?"

ದಾನೇಶ್ವರಿ ಹೇಳಿದಳು. ಕಾಲೇಜಿನಲ್ಲಿ ವಾದಿಸುತ್ತಿದ್ದ ಹಾಗೆಯೇ, ಕೈ ತಿರುವಿ, ಪೂರ್ತಿ ಹೇಳಿದಳು. ಜಯಶೀಲ ತಲೆ ತಗ್ಗಿಸಿ ಕೇಳಿದಳು.

"ನಮ್ಮಲ್ಲೂ ಹಾಗೇ. ನಮ್ಮ ಅಮ್ಮ ಕೇಳಿದ್ರೆ ನೀನು ಮಾಡಿದ್ದೇ ಸರಿ ಅಂತಾಳೆ. ಆದ್ರೆ ನಾನು ಇದನ್ನ ಎಲ್ಲಿ ಬರೀಲಿ ಹೇಳು? ನಾನು ಬಿಟ್ರೆ, ನನ್ನ ಮೇಲೆ ಇನ್ನೊಬ್ಬ ಕೇಳ್ತಾ ಕೂತಿದ್ದಾನೆ."

ಫೇಟಲ್ ಬಿತ್ತು. ಪ್ರೊಬೇಷನ್‌ನಲ್ಲಿ ಇನ್ನೊಂದು ಬಿದ್ದರೆ ಮನೆಗೆ.

ಅವಳು ಸುಮ್ಮನಿರಲಿಲ್ಲ. ಮಗ ಸತ್ತ ತಾಯಿಗೆ ಆ ಸಾಲು ಹೇಳಬಾರದು, ಆಕೆಯ ಸಿಮ್ ಶುರುಮಾಡಿ ಎಂದು ದೊಡ್ಡವರಿಗೆಲ್ಲ ಒಂದು ಮೇಲ್ ಕಳಿಸಿದಳು. ಕಾಲೇಜಾಗಿದ್ದರೆ ಸಂಜೆಯೊಳಗೆ ಜನ ಸೇರುತ್ತಿದ್ದರು. ಇಲ್ಲಿ ಟೀಮ್ ಲೀಡರ್ ಅಭಿಜಿತ್ ಬಂದು ಮೇಜಿಗೆ ಒರಗಿ ನಿಂತ. ಸಿಟ್ಟೂ ಮಾಡಲಿಲ್ಲ, ಪುಣ್ಯಾತ್ಮ.

"ಯೇ ಕಾಲೇಜ್ ನಹೀಂ ಹೈ, ದಾನೇಶ್ವರಿ. ಯಹಾಂ ಮೇಲ್ ಊಪರ್ ಸೇ ನೀಚೇ ಆತಾ ಹೈ." ಇದು ಕಾಲೇಜಲ್ಲ, ಇಲ್ಲಿ ಮೇಲ್ ಬರುವುದು ಮೇಲಿನಿಂದ ಕೆಳಕ್ಕೆ ಮಾತ್ರ.

ಕನ್ನಡ ಸಾಲಿನ ಉಳಿದ ಮೂವರು ಪರದೆ ನೋಡುತ್ತ ಕುಳಿತರು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ಎಲ್ಲಿ ಇಡಬೇಕೆಂದು ತಿಳಿಯದೆ ಮುಂದಿನ ಕರೆ ತೆಗೆದುಕೊಂಡಳು.

ಆ ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ನೂಕಿಸಿಕೊಂಡು ದಿವಾದಲ್ಲಿ ಇಳಿದು ಮನೆಗೆ ಬಂದರೆ, ಹುಲಗಪ್ಪ ಹೊಸಲ ಬಳಿ ಗೋಡೆಗೆ ಬೆನ್ನು ಕೊಟ್ಟು ಪಕ್ಕದವರಿಗೆ ಹೇಳುತ್ತಿದ್ದ: "ನಮ್ಮ ದಾನಿ ಇನ್ನ ಕಾಯಂ ಆದಂಗ. ನನ್ನ ಸೊಂಟಾ ಇನ್ನ ಯಾಕ ಬೇಕ್ರಿ? ಹೋದ್ರ ಹೋಗ್ಲಿ." ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೇಳಬೇಕೆಂದಿದ್ದ ಮಾತಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಮಹಾದೇವಕ್ಕ ಮತ್ತೆ ಕರೆ ಮಾಡಿದ್ದು ಪ್ರೊಬೇಷನ್‌ನ ಕೊನೆಯ ವಾರದಲ್ಲಿ. ನಾಲ್ಕು ಮೇಜಿನಲ್ಲಿ ಅದು ದಾನೇಶ್ವರಿಯ ಕಿವಿಗೇ ಬಂತು. ಅಷ್ಟರಲ್ಲಿ ಅವಳ ಕನ್ನಡ ಇಸ್ತ್ರಿ ಮಾಡಿದಷ್ಟು ನೆಟ್ಟಗಾಗಿತ್ತು.

"ನಮಸ್ಕಾರ ಮೇಡಂ, ನಾನು ದಾನೇಶ್ವರಿ, ನಿಮಗೆ ಹೇಗೆ ಸಹಾಯ ಮಾಡಲಿ?"

ಸಿಮ್ ಇನ್ನೂ ಶುರುವಾಗಿರಲಿಲ್ಲ. ಹಳೆಯ ದೂರು ಎದುರಿಗೇ ಇತ್ತು, "ಮಾಲೀಕರು ಮಾತನಾಡಿಲ್ಲ" ಎಂದು ಮುಚ್ಚಲಾಗಿತ್ತು. ಅವಳು ಹೊಸ ದೂರು ಬರೆದಳು. ಅದೂ ಹಾಗೆಯೇ ಮುಚ್ಚಿಹೋಗುತ್ತದೆಂದು ಗೊತ್ತಿದ್ದೇ ಬರೆದಳು.

"ದಾಖಲಾಗಿದೆ ಮೇಡಂ."

"ಹ್ವಾದ ಸಲಾನೂ ಹಂಗೇ ಅಂದಿದ್ರು." ಮುದುಕಿ ಮಾತು ತಿರುಗಿಸಿದಳು. "ನೀವು ಹೆಸರು ಪಟಪಟ ಹೇಳಿಬಿಡ್ತೀರಿ, ನನಗ ತಿಳಿಯಂಗಿಲ್ಲ. ಆವತ್ತ ಒಬ್ಬಾಕಿ ಇದ್ಳು, ನಮ್ಮ ಮಾತಿನಾಕಿ. ಊಟ ಮಾಡಿದ್ಯೋ ಅಂದ್ಳು. ಇಡಾಗ ಏನೂ ಅನ್ನಲಿಲ್ಲ, ಸುಮ್ಮನ ಇಟ್ಳು. ಮನಿತನ ಇದ್ದಾಕಿ. ಸಿಮ್ಮಿಂದು ಇರ್ಲಿ, ಆಕಿಗಿ ಒಂದೀಟ ಕೊಡವ್ವಾ, ಮಾತಾಡ್ತೀನಿ."

ನಾನೇ ಯವ್ವಾ ಅದು, ಎಂಬ ಮಾತು ಹಲ್ಲಿನ ತನಕ ಬಂತು. ಅದು ಹೊರಗೆ ಬಿದ್ದರೆ ಮುದುಕಿ ಅಳುತ್ತಾಳೆ, ತಾನೂ ಅಳುತ್ತಾಳೆ, ಆಮೇಲೆ ಆ ಸಾಲು ಹೇಳಲಾಗುವುದಿಲ್ಲ. ಅಪ್ಪನ ಸೊಂಟ ನೆನಪಾಯಿತು. ಗಾಜಿನಾಚೆ ಜಯಶೀಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರದೋ ಕರೆ ಕೇಳುತ್ತಿದ್ದಳು. ಯಾರದೆಂದು ಇವಳಿಗೆ ಹೇಗೆ ಗೊತ್ತಾಗಬೇಕು?

"ಅವರು ಕೆಲಸ ಬಿಟ್ಟಿದ್ದಾರೆ ಮೇಡಂ."

"ಬಿಟ್ಳಾ?" ಮುದುಕಿಯ ದನಿಯಲ್ಲಿ ಸಮಾಧಾನವಿತ್ತು. "ಚಲೋ ಮಾಡಿದ್ಳು ಬಿಡವ್ವಾ. ಅಂಥಾಕಿ ಅಲ್ಲಿ ಇರಬಾರದು."

ದಾನೇಶ್ವರಿ ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡಳು.

"ಕರೆ ಮಾಡಿದ್ದಕ್ಕೆ ಧನ್ಯವಾದಗಳು ಮೇಡಂ," ಎಂದಳು. "ನಿಮ್ಮ ದಿನ ಶುಭವಾಗಿರಲಿ."