ಎಂಟು ಇಪ್ಪತ್ತೈದರ ಬಸ್ಸು

ಶಾಲೆಯ ಪ್ರಾಜೆಕ್ಟ್ ಎಂದರೆ ಏನೆಂದು ಮಂಗಳೂರಿನ ತಂದೆತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಮನೆಗೆ ಬಂದ ಮಗು ಚೀಲ ಬಿಸಾಡಿ, "ನಾಳೆ ಪ್ರಾಜೆಕ್ಟ್ ಉಂಟು" ಎನ್ನುತ್ತದೆ. ಅಪ್ಪ ಝೆರಾಕ್ಸ್ ಅಂಗಡಿಗೆ ಓಡಿ ಬಣ್ಣದ ಪ್ರಿಂಟ್ ತೆಗೆಸುತ್ತಾನೆ. ಅಮ್ಮ ಥರ್ಮಾಕೋಲ್ ಕತ್ತರಿಸಿ ಅಂಟಿಸುತ್ತಾಳೆ. ಅಕ್ಕ ಇದ್ದರೆ ಚಂದದ ಅಕ್ಷರದಲ್ಲಿ ತಮ್ಮನ ಹೆಸರು ಬರೆಯುತ್ತಾಳೆ. ಮಗುವಿಗೆ ಉಳಿಯುವುದು ಒಂದೇ ಕೆಲಸ: ಬೆಳಿಗ್ಗೆ ಅದನ್ನು ಮುರಿಯದ ಹಾಗೆ ಬಸ್ಸಿನಲ್ಲಿ ಹೊತ್ತು ತರುವುದು.

ಜುವೈರಿಯಾ ಟೀಚರಿಗೆ ಇದನ್ನು ನೋಡಿದರೇ ಮೈಯೆಲ್ಲ ಉರಿಯುತ್ತಿತ್ತು. ನಂತೂರಿನ ಆಚೆಗಿರುವ ಆ ಅನುದಾನಿತ ಕನ್ನಡ ಶಾಲೆಯಲ್ಲಿ ಅವಳು ಮೂರು ವರ್ಷಗಳಿಂದ ಅತಿಥಿ ಶಿಕ್ಷಕಿ. ಪ್ರತಿ ಜೂನ್ ತಿಂಗಳಲ್ಲಿ ಕಮಿಟಿಯವರು ಹೂಂ ಎಂದರೆ ಕೆಲಸ ಉಂಟು, ಇಲ್ಲ ಎಂದರೆ ಇಲ್ಲ. ವೆಬ್‌ಸೈಟ್ ಮಾಡುವುದನ್ನು ಅವಳು ಯಾವ ಕಾಲೇಜಿನಲ್ಲಿಯೂ ಕಲಿತವಳಲ್ಲ. ಅತ್ತಾವರದಲ್ಲಿ ಅಣ್ಣ ಶಾಹುಲ್‌ನ ಮೊಬೈಲ್ ಅಂಗಡಿಯ ಹಿಂದಿನ ಸ್ಟೂಲಿನಲ್ಲಿ ಕುಳಿತು, ವೀಡಿಯೋ ನೋಡಿ, ತಪ್ಪಿ, ಮತ್ತೆ ನೋಡಿ ಕಲಿತದ್ದು. ಐದನೇ ತರಗತಿಯ ಮಕ್ಕಳಿಂದ ವೆಬ್‌ಸೈಟ್ ಮಾಡಿಸುತ್ತೇನೆ ಎಂದು ಅವಳು ಹೇಳಿದ ದಿನ ಸ್ಟಾಫ್ ರೂಮಿನಲ್ಲಿ ನಗದವರಿಲ್ಲ.

"ನಮ್ಮ ಮಕ್ಕಳಿಗೆ ಒತ್ತಕ್ಷರವೇ ಸರಿ ಬರುವುದಿಲ್ಲ ಮಾರಾಯ್ತಿ," ಎಂದರು ಮುಖ್ಯೋಪಾಧ್ಯಾಯಿನಿ ವಾರಿಜಾ. "ನೀವು ವೆಬ್‌ಸೈಟ್ ಅಂತ ಹೊರಟಿದ್ದೀರಲ್ಲ!"

"ಹೌದು ಟೀಚರ್. ಥರ್ಮಾಕೋಲಾದರೆ ಅಪ್ಪ ಅಮ್ಮ ಮಾಡಿಕೊಡ್ತಾರೆ. ಇದನ್ನು ಅವರಿಗೂ ಮಾಡ್ಲಿಕ್ಕೆ ಬರುವುದಿಲ್ಲ. ಅಷ್ಟೇ ನನಗೆ ಬೇಕಾದದ್ದು."

ಶಾಲೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳಿದ್ದವು. ಅವುಗಳಲ್ಲೊಂದಕ್ಕೆ ಬದಿಯಿಂದ ಎರಡು ಬಾರಿಸಿದರೆ ಮಾತ್ರ ಪರದೆ ಬೆಳಗುತ್ತಿತ್ತು. ಇಪ್ಪತ್ತೊಂದು ಮಕ್ಕಳು ಸರದಿಯಲ್ಲಿ ಕುಳಿತರು. ಪರದೆಯ ಮೇಲೆ ಅಕ್ಷರ ದಪ್ಪವಾಗಬೇಕಾದರೆ, ಬಣ್ಣ ಬರಬೇಕಾದರೆ, ಅದರ ಮುಂದೊಂದು ಹಿಂದೊಂದು ಟ್ಯಾಗ್ ಹಾಕಬೇಕು. "ಮೊದಲನೆಯದ್ದು ಬಾಗಿಲು ತೆಗೆಯುವುದು, ಎರಡನೆಯದ್ದು ಬಾಗಿಲು ಹಾಕುವುದು," ಎಂದು ಜುವೈರಿಯಾ ಹೇಳಿಕೊಟ್ಟಳು. ಪ್ರತಿಯೊಬ್ಬರೂ ಒಂದೊಂದು ಪೇಜ್ ಮಾಡಬೇಕು, ತಮ್ಮ ಕಣ್ಣಾರೆ ನೋಡಿದ್ದನ್ನೇ ಬರೆಯಬೇಕು, ಕೆಳಗೆ ಹೆಸರು ಹಾಕಬೇಕು. ಶೆರ್ವಿನ್ ಮನೆಯ ಹನ್ನೊಂದು ಕೋಳಿಗಳ ಬಗ್ಗೆ ಬರೆದ. ನೇರಳೆ ಬಣ್ಣದ ಮೇಲೆ ಹಳದಿ ಅಕ್ಷರ, ಓದಿದರೆ ಕಣ್ಣಲ್ಲಿ ನೀರು ಬರಬೇಕು. ವಿಭಾ ತನ್ನ ಅಜ್ಜ ದೇವಸ್ಥಾನಕ್ಕೆ ಹೂ ಕಟ್ಟುವ ಬಗೆಯನ್ನು ಎಂಟು ಹಂತಗಳಲ್ಲಿ ಬರೆದಳು. ಐದನೇ ಹಂತದಲ್ಲಿ, "ಈಗ ಅಜ್ಜ ಬಯ್ಯುತ್ತಾರೆ" ಎಂದಿತ್ತು.

ಸಫಾ ಮಾತ್ರ ಏನೂ ಬರೆಯಲಿಲ್ಲ. ಕಾವೂರಿನಿಂದ ಬರುವ ತೆಳ್ಳಗಿನ ಹುಡುಗಿ, ಮಾತು ಕಡಿಮೆ. ವಾರಕ್ಕೆ ನಾಲ್ಕು ದಿನ ತಡ. ತಡವಾಗಿ ಬಂದವರು ಮೊದಲ ಪೀರಿಯಡ್ ಮುಗಿಯುವವರೆಗೆ ಧ್ವಜಕಟ್ಟೆಯ ಹತ್ತಿರ ಬಿಸಿಲಿನಲ್ಲಿ ನಿಲ್ಲಬೇಕೆಂಬುದು ವಾರಿಜಾ ಟೀಚರ್ ಮಾಡಿದ ನಿಯಮ.

"ನಿನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಎಂತ ಸಫಾ?" ಎಂದು ಜುವೈರಿಯಾ ಕೇಳಿದಳು.

ಹುಡುಗಿ ಆಲೋಚಿಸಿ ಹೇಳಿದಳು: "ಬಸ್ಸು ನಿಲ್ಲುವುದಿಲ್ಲ ಟೀಚರ್."

"ಯಾವ ಬಸ್ಸು?"

"ಎಂಟು ಇಪ್ಪತ್ತೈದರದ್ದು. ನವಮಂದಾರ. ನಾವು ಯೂನಿಫಾರ್ಮಿನಲ್ಲಿ ನಿಂತದ್ದು ಕಂಡರೆ ಕಂಡಕ್ಟರ್ ರೈಟ್ ಪೋಯಿ, ಹೋಗುವ ಅಂತಾರೆ, ಬಸ್ಸು ಹೋಗಿಯೇಬಿಡ್ತದೆ. ಮಕ್ಕಳದ್ದು ಅರ್ಧ ಟಿಕೆಟ್ ಅಲ್ವಾ. ದೊಡ್ಡವರು ಯಾರಾದ್ರೂ ಕೈ ಅಡ್ಡ ಹಿಡಿದ್ರೆ ಮಾತ್ರ ನಿಲ್ತದೆ."

"ಅದನ್ನೇ ಬರಿ," ಎಂದಳು ಜುವೈರಿಯಾ. ಮುಂದೆ ಏನಾಗಬಹುದೆಂದು ಆ ಹೊತ್ತಿನಲ್ಲಿ ಅವಳು ಯೋಚಿಸಲಿಲ್ಲ. ಯೋಚಿಸಿದ್ದರೂ ಅದನ್ನೇ ಹೇಳುತ್ತಿದ್ದಳು.

ಸಫಾ ಇಪ್ಪತ್ತನಾಲ್ಕು ದಿನ ಒಂದು ನೋಟ್‌ಬುಕ್ ಹಿಡಿದುಕೊಂಡು ಸ್ಟಾಪಿನಲ್ಲಿ ನಿಂತಳು. ದಿನಕ್ಕೊಂದು ಸಾಲು: ತಾರೀಕು, ಗಂಟೆ, ನಿಂತಿತು ಅಥವಾ ನಿಲ್ಲಲಿಲ್ಲ. ಆರು ದಿನ ನಿಂತಿತ್ತು. ಹದಿನೆಂಟು ದಿನ ನಿಂತಿರಲಿಲ್ಲ. ಅಲಂಕಾರವಿಲ್ಲದ ಪೇಜು, ಬಿಳಿಯ ಮೇಲೆ ಕಪ್ಪು. ಶೆರ್ವಿನ್‌ನ ಕೋಳಿಗಳ ನಂತರ ಅದನ್ನು ನೋಡಿದರೆ ಕಣ್ಣಿಗೆ ತಂಪಾಗುತ್ತಿತ್ತು.

ವೆಬ್‌ಸೈಟಿನ ಲಿಂಕ್ ತಂದೆತಾಯಂದಿರ ಗ್ರೂಪಿಗೆ ಹೋಯಿತು. ಅಲ್ಲಿಂದ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ನೆರೆಮನೆಗೆ, ನೆರೆಮನೆಯಿಂದ ದುಬೈಗೆ. ನಾಲ್ಕನೇ ದಿನ ದುಬೈಯಿಂದ ಫಾಝಿಲ್ ಎನ್ನುವವನು ಮಂಗಳೂರಿಗೆ ಫೋನ್ ಮಾಡಿ, "ಬಾಪಾ, ನಮ್ಮ ಬಸ್ಸಿನ ಬಗ್ಗೆ ಎಂತದು ಇದು? ಇಲ್ಲಿ ರೂಮಿನವರೆಲ್ಲ ಓದಿ ನಗ್ತಾರೆ" ಎಂದು ಕೇಳಿದ.

ಅವನ ಬಾಪ ನೂರ್ ಮುಹಮ್ಮದ್ ಹಾಜಿ. ನವಮಂದಾರ ಬಸ್ಸಿನ ಮಾಲೀಕರು. ಶಾಲೆಯ ಕಮಿಟಿಯ ಉಪಾಧ್ಯಕ್ಷರೂ ಅವರೇ. ಆ ನಾಲ್ಕು ಕಂಪ್ಯೂಟರುಗಳನ್ನು ಶಾಲೆಗೆ ಕೊಟ್ಟವರೂ ಅವರೇ.

ಗುರುವಾರ ಕಂಪ್ಯೂಟರ್ ಪೀರಿಯಡಿನಲ್ಲಿ ಹಾಜಿಯವರು ನೇರ ತರಗತಿಗೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಹಿಂದಿನಿಂದ ಏದುಸಿರು ಬಿಡುತ್ತಾ ವಾರಿಜಾ ಟೀಚರ್. ಮಕ್ಕಳೆಲ್ಲ ಎದ್ದು ನಿಂತು "ನಮಸ್ತೇ ಸರ್" ಎಂದು ರಾಗ ಎಳೆದರು.

"ಕೂತ್ಕೊಳ್ಳಿ ಮಕ್ಕಳೇ," ಎಂದರು ಹಾಜಿಯವರು. ಮೆತ್ತಗಿನ ಸ್ವರ. "ಜುವೈರಿಯಾ, ನಿನ್ನ ಬಾಪ ಮತ್ತು ನಾನು ಬಂದರಿನಲ್ಲಿ ಒಂದೇ ಅಂಗಡಿಯಲ್ಲಿ ವ್ಯಾಪಾರ ಕಲಿತವರು. ಗೊತ್ತುಂಟಾ?"

"ಗೊತ್ತುಂಟು ಹಾಜಿಯವರೇ. ಬಾಪ ಈಗಲೂ ಹೇಳ್ತಾರೆ."

"ಹಾಗಾದ್ರೆ ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಊರಿಡೀ ಓದುವ ಮೊದಲು?" ಅವರು ಫೈಲು ತೆರೆದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. "ನೋಡು. ಆ ಪೇಜಿನ ಹದಿನೈದನೇ ಸಾಲು, ಬುಧವಾರ. ನವಮಂದಾರ ನಿಲ್ಲಲಿಲ್ಲ ಅಂತ ಉಂಟು. ಆ ದಿನ ನನ್ನ ಬಸ್ಸು ರಸ್ತೆಯಲ್ಲೇ ಇರಲಿಲ್ಲ. ಎಫ್.ಸಿ., ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸ್ಲಿಕ್ಕೆ ಹೋಗಿತ್ತು, ಆರ್‌ಟಿಒ ಆಫೀಸಿನ ಸೀಲ್ ಇಲ್ಲಿ ಉಂಟು. ಇಲ್ಲದ ಬಸ್ಸು ನಿಲ್ಲುವುದು ಹೇಗೆ?"

ಕಾಗದ ಸರಿಯಾಗಿಯೇ ಇತ್ತು. ಜುವೈರಿಯಾ ಸಫಾಳ ಕಡೆ ತಿರುಗಿದಳು.

"ಸಫಾ, ಆ ದಿನ ನೀನು ಬಸ್ಸು ನೋಡಿದ್ದೀಯಾ?"

"ನೋಡಿದ್ದೇನೆ ಟೀಚರ್. ಕಂಡಕ್ಟರ್ ಡೆನ್ಜಿಲಣ್ಣ ಇದ್ರು. ಬಾಗಿಲಲ್ಲಿ ನೇತಾಡಿಕೊಂಡು ರೈಟ್ ಅಂದ್ರು."

"ಬಸ್ಸಿನ ಹೆಸರು ಓದಿದ್ದೀಯಾ?"

ಸಫಾ ತಲೆ ತಗ್ಗಿಸಿದಳು. "ಡೆನ್ಜಿಲಣ್ಣ ಇದ್ರಲ್ಲ ಟೀಚರ್..."

ಜುವೈರಿಯಾಳಿಗೆ ಎಲ್ಲವೂ ಅರ್ಥವಾಯಿತು. ಈ ಊರಿನಲ್ಲಿ ಬಸ್ಸಿನ ಹೆಸರನ್ನು ಓದುವವರು ಯಾರು? ಹೊತ್ತು ನೋಡುತ್ತಾರೆ, ಬಾಗಿಲಲ್ಲಿ ನಿಂತ ಕಂಡಕ್ಟರನ್ನು ನೋಡುತ್ತಾರೆ, ಹತ್ತುತ್ತಾರೆ. ಒಂದು ಬಸ್ಸು ಗ್ಯಾರೇಜಿಗೆ ಹೋದ ದಿನ ಅದರ ಹೊತ್ತಿಗೆ ಬೇರೆ ಬಸ್ಸು ಓಡುತ್ತದೆ. ದಿನದ ಸಂಬಳ ಕಳೆದುಕೊಳ್ಳಲು ಮನಸ್ಸಿಲ್ಲದ ಕಂಡಕ್ಟರ್ ಆ ದಿನದ ಮಟ್ಟಿಗೆ ಅದಕ್ಕೇ ಹತ್ತುತ್ತಾನೆ. ಅವಳೇ ಆ ಸ್ಟಾಪಿನಲ್ಲಿ ನಿಂತಿದ್ದರೂ ನವಮಂದಾರ ಎಂದೇ ಬರೆಯುತ್ತಿದ್ದಳು.

ವಾರಿಜಾ ಟೀಚರ್ ನಿಟ್ಟುಸಿರು ಬಿಟ್ಟರು. ಅದರಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು. "ತಪ್ಪಾಗಿದೆಯಲ್ಲ, ಹಾಗಾದ್ರೆ ಪೇಜ್ ತೆಗೆದುಬಿಡುವ. ಮಕ್ಕಳ ತಪ್ಪು, ದೊಡ್ಡದು ಮಾಡುವುದು ಬೇಡ. ಎಲ್ಲರಿಗೂ ಮರ್ಯಾದೆ."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ತಲೆಯಾಡಿಸಿದರೆ ಸಾಕಿತ್ತು. ಜೂನ್ ತಿಂಗಳು ಸುಸೂತ್ರವಾಗಿ ಬರುತ್ತಿತ್ತು, ಹಾಜಿಯವರು ಬಾಪನಿಗೆ ಸಲಾಂ ಹೇಳಿ ಕಳಿಸುತ್ತಿದ್ದರು. ಆದರೆ ಆ ಹುಡುಗಿ ಇಪ್ಪತ್ತನಾಲ್ಕು ದಿನ ನೋಟ್‌ಬುಕ್ ಹಿಡಿದು ನಿಂತದ್ದು?

"ಗಣಿತದಲ್ಲಿ ಒಂದು ಲೆಕ್ಕ ತಪ್ಪಿದರೆ ನಾವು ಇಡೀ ಪೇಪರ್ ಹರಿದು ಬಿಸಾಡ್ತೇವಾ ಟೀಚರ್?" ಎಂದಳು ಜುವೈರಿಯಾ. "ತಪ್ಪಿದ್ದನ್ನು ತಿದ್ದುತ್ತೇವೆ. ಪೇಜ್ ತೆಗೆಯುವುದಿಲ್ಲ. ಸಫಾ, ಬಾ. ಕೂತ್ಕೋ."

ಸಫಾ ಬಂದು ಕುಳಿತಳು. ಅಕ್ಷರದ ಮೇಲೆ ಗೆರೆ ಎಳೆಯುವ ಟ್ಯಾಗನ್ನು ಬುಧವಾರದ ಸಾಲಿನ ಮುಂದೆ ಹಾಕಿ ಸೇವ್ ಮಾಡಿ ಪೇಜ್ ತೆರೆದಳು. ನೋಡಿದರೆ ಬುಧವಾರದಿಂದ ಕೆಳಗಿನ ಸಾಲುಗಳೆಲ್ಲದರ ಮೇಲೂ ಗೆರೆ! ಕೊನೆಯ ದಿನದವರೆಗೂ.

ಹಾಜಿಯವರು ಕನ್ನಡಕ ಸರಿಮಾಡಿಕೊಂಡು ನಕ್ಕರು. "ಈಗ ಸರಿಯಾಯ್ತು. ಕಂಪ್ಯೂಟರಿಗೇ ಬುದ್ಧಿ ಉಂಟು."

"ಬಾಗಿಲು ಹಾಕ್ಲಿಲ್ಲ ಅವಳು!" ಎಂದು ಹಿಂದಿನ ಬೆಂಚಿನಿಂದ ಶೆರ್ವಿನ್ ಕಿರುಚಿದ.

"ಗೊತ್ತುಂಟು, ನೀನು ಸುಮ್ಮನಿರು," ಎಂದಳು ಸಫಾ. ಮುಚ್ಚುವ ಟ್ಯಾಗ್ ಹಾಕಿದಳು. ಕೆಳಗಿನ ಸಾಲುಗಳೆಲ್ಲ ಮೊದಲಿನಂತಾದವು. ಗೆರೆ ಉಳಿದದ್ದು ಬುಧವಾರಕ್ಕೆ ಮಾತ್ರ. ಅದರ ಕೆಳಗೆ ಅವಳು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು: *ಈ ಸಾಲು ತಪ್ಪು. ಆ ದಿನ ನಿಲ್ಲದೆ ಹೋದದ್ದು ಬೇರೆ ಬಸ್ಸು. ನಾನು ಕಂಡಕ್ಟರನ್ನು ನೋಡಿ ಬರೆದೆ, ಹೆಸರು ನೋಡಲಿಲ್ಲ. ಹಾಜಿಯವರು ಕ್ಷಮಿಸಬೇಕು. ಉಳಿದ ಹದಿನೇಳು ದಿನ ಹೆಸರು ನೋಡಿದ್ದೇನೆ.*

ಹಾಜಿಯವರು ಅದನ್ನು ಎರಡು ಸಲ ಓದಿದರು. ನಗು ಹೋಗಿತ್ತು.

"ಮಗಳೇ, ಈ ಕಂಪ್ಯೂಟರ್ ಯಾರು ಕೊಟ್ಟದ್ದು ಗೊತ್ತುಂಟಾ?"

"ನೀವು," ಎಂದಳು ಸಫಾ. "ಥ್ಯಾಂಕ್ಯೂ ಸರ್."

ಅದು ಕೊಂಕಲ್ಲ. ಕಂಪ್ಯೂಟರ್ ಕೊಟ್ಟವರಿಗೆ ಥ್ಯಾಂಕ್ಯೂ ಹೇಳಬೇಕೆಂದು ಶಾಲೆಯಲ್ಲೇ ಕಲಿಸಿದ್ದು. ಆದರೆ ಹಾಜಿಯವರ ಕಿವಿ ಕೆಂಪಾಯಿತು. ಅವರು ಫೈಲು ಮುಚ್ಚಿ, ಮಕ್ಕಳ ಕಡೆಗಾಗಲೀ ಜುವೈರಿಯಾಳ ಕಡೆಗಾಗಲೀ ನೋಡದೆ, ವಾರಿಜಾ ಟೀಚರಿಗೆ ಹೇಳಿದರು: "ಸೋಮವಾರದೊಳಗೆ ಆ ಪೇಜ್ ಹೋಗಬೇಕು. ಇಲ್ಲದಿದ್ದರೆ ಜೂನ್‌ನಲ್ಲಿ ಬೇರೆ ಟೀಚರ್ ಬರ್ತಾರೆ."

ಅವರ ಕಾರು ಗೇಟು ದಾಟಿದ ಮೇಲೆ ವಾರಿಜಾ ಟೀಚರ್ ಜುವೈರಿಯಾಳನ್ನು ಆಫೀಸಿಗೆ ಕರೆದರು. ನೀರು ಕುಡಿದರು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ನನ್ನ ಮಂಡೆ ಬೆಚ್ಚ ಮಾಡಿಬಿಟ್ರಿ ನೀವು. ಎಂತ ಮಾಡುವುದು ಈಗ? ನನಗೆ ಇನ್ನೆರಡು ವರ್ಷ ಸರ್ವಿಸ್ ಉಂಟು."

"ನೀವು ಆರ್ಡರ್ ಬರೆದುಕೊಡಿ ಟೀಚರ್, ಪೇಜ್ ತೆಗೆಯಬೇಕು ಅಂತ. ಕೆಳಗೆ ಸಹಿ ಹಾಕಿ. ಅದನ್ನು ಸಫಾಳಿಗೆ ಓದಿ ಹೇಳ್ತೇನೆ. ಆದರೆ ತೆಗೆಯುವುದು ನನ್ನ ಕೈಯಿಂದ ಆಗುವುದಿಲ್ಲ."

"ಅಹಂಕಾರ ಅಂತಾರೆ ಇದಕ್ಕೆ."

"ಅನ್ನಲಿ."

ವಾರಿಜಾ ಟೀಚರ್ ಬಿಳಿಹಾಳೆ ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು. ಬರೆಯದೆ ಕೇಳಿದರು: "ಆ ಹುಡುಗಿ ನನ್ನ ಬಗ್ಗೆ ಏನೂ ಬರೆದಿಲ್ಲವಲ್ಲ?"

"ಬರೆದಿದ್ದಾಳೆ. ನೀವು ಕೊನೆಯವರೆಗೆ ಓದಿಲ್ಲ."

ವಾರಿಜಾ ಟೀಚರ್ ಮೊಬೈಲ್ ತೆಗೆದು, ಪೇಜನ್ನು ಬೆರಳಿನಿಂದ ಮೇಲೆ ಸರಿಸುತ್ತಾ ಹೋದರು. ಎಲ್ಲ ಸಾಲುಗಳ ಕೆಳಗೆ ಒಂದೇ ವಾಕ್ಯವಿತ್ತು: *ಬಸ್ಸು ನಿಲ್ಲದ ದಿನ ನಾವು ಧ್ವಜಕಟ್ಟೆಯ ಹತ್ತಿರ ಬಿಸಿಲಿನಲ್ಲಿ ನಿಲ್ಲುತ್ತೇವೆ.*

ಅವರು ಮೊಬೈಲ್ ಕೆಳಗಿಟ್ಟರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಬಿಳಿಹಾಳೆಯನ್ನು ಡ್ರಾಯರಿಗೆ ತಳ್ಳಿದರು.

"ಸೋಮವಾರದಿಂದ ತಡವಾಗಿ ಬಂದವರು ನೇರ ಕ್ಲಾಸಿಗೆ ಹೋಗಲಿ. ನಾನು ಅಷ್ಟು ಮಾಡ್ತೇನೆ. ಜೂನ್‌ನದ್ದು ಮಾತ್ರ ನನ್ನ ಕೈಯಲ್ಲಿಲ್ಲ ಜುವೈರಿಯಾ."

"ಗೊತ್ತುಂಟು ಟೀಚರ್."

ಸೋಮವಾರ ಬೆಳಿಗ್ಗೆ ಜುವೈರಿಯಾ ಅತ್ತಾವರದಿಂದ ಎರಡು ಬಸ್ಸು ಬದಲಾಯಿಸಿ ಕಾವೂರಿಗೆ ಹೋದಳು. ಪೇಜ್ ಇದ್ದಲ್ಲೇ ಇತ್ತು. ಹುಡುಗಿ ಇವತ್ತು ಒಬ್ಬಳೇ ನಿಲ್ಲಬಾರದೆಂದು ಅವಳಿಗೆ ಅನಿಸಿತ್ತು. ಸ್ಟಾಪಿನಲ್ಲಿ ನೋಡಿದರೆ ಸಫಾ ಒಬ್ಬಳಿರಲಿಲ್ಲ. ಕಾವೂರಿನ ಏಳು ಮಕ್ಕಳು ಸಾಲಾಗಿ ನಿಂತಿದ್ದರು, ಏಳು ಕೈಗಳಲ್ಲಿ ಏಳು ನೋಟ್‌ಬುಕ್ಕು.

"ಇದೆಂತದು?"

"ಒಬ್ಬಳು ನೋಡಿದರೆ ತಪ್ಪಾಗ್ತದಲ್ಲ ಟೀಚರ್," ಎಂದಳು ವಿಭಾ, ಪಕ್ಕದ ಹುಡುಗನನ್ನು ತೋರಿಸುತ್ತಾ. "ನಾನು ಹೆಸರು ನೋಡುವುದು, ಇವನು ನಂಬರು. ಸಫಾ ಗಂಟೆ."

ಎಂಟು ಇಪ್ಪತ್ತಾರಕ್ಕೆ ನವಮಂದಾರ ತಿರುವಿನಲ್ಲಿ ಕಾಣಿಸಿತು. ಜುವೈರಿಯಾ ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಂಗಡಿಯ ನೆರಳಲ್ಲಿ ನಿಂತಳು. ದೊಡ್ಡವರ ಕೈ ಕಂಡು ನಿಂತರೆ ಅದು ಲೆಕ್ಕಕ್ಕಿಲ್ಲ.

ಬಸ್ಸು ನಿಂತಿತು. ಮಕ್ಕಳ ಮೂಗಿನ ಎದುರಿಗೇ. ಡೆನ್ಜಿಲ್ ಕೆಳಗೆ ಹಾರಿ, ಕಂಕುಳಲ್ಲಿದ್ದ ಚೀಲ ಸರಿಮಾಡಿಕೊಂಡ. ವರ್ಷವಿಡೀ ಗಾಳಿಯಲ್ಲಿ ಕಿರುಚಿ ಒಡೆದ ಸ್ವರ ಅವನದ್ದು.

"ಹತ್ತಿ ಮಾರಾಯ್ರೇ, ಬೇಗ ಬೇಗ! ನಿಲ್ಲಿಸಿದೆವಲ್ಲ ಈಗ? ಪೇಜ್ ತೆಗೀಲಿಕ್ಕೆ ಹೇಳಿದ್ದಾರೆ ಸಾಹುಕಾರ್ರು. ನಿಲ್ಲಿಸಿದ ಮೇಲೆ ಇನ್ನೆಂತ?"

ಸಫಾ ಗಂಟೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು.

"ಇವತ್ತು ನಿಂತಿತು ಅಂತ ಬರೆದಿದ್ದೇನೆ ಡೆನ್ಜಿಲಣ್ಣ," ಎಂದಳು, ಮೆಟ್ಟಿಲಿಗೆ ಕಾಲಿಡುತ್ತಾ. "ಒಂದು ನಿಮಿಷ ಲೇಟ್. ನಾಳೆಯದ್ದು ನಾಳೆ ನೋಡುವ."