ಕಾಲು ಇಂಚು

ಎಂಟು ಕಿಲೋ ತೂಕ ಇಳಿದಿದೆ ಎಂದು ಡಾಕ್ಟರು ಹೇಳಿದಾಗ ಇಸ್ತ್ರಿಯಣ್ಣನಿಗೆ ಸಂತೋಷವಾಗಬೇಕಿತ್ತು. ಆದರೆ ಎದೆ ಧಸಕ್ಕೆಂದಿತು. ಅವನು ಅಲ್ಲಿಗೆ ಹೋಗಿದ್ದೇ ಹೊಟ್ಟೆ ಬೆಳೆಯುತ್ತಿದೆ ಎಂಬ ದೂರು ಹೊತ್ತುಕೊಂಡು. ಎರಡು ವರ್ಷದಿಂದ ಅವನ ಪ್ಯಾಂಟುಗಳೆಲ್ಲ ಸೊಂಟದಲ್ಲಿ ಬಿಗಿಯಾಗುತ್ತಲೇ ಇದ್ದವು. ಮೊದಲು ಸಕ್ಕರೆ ಬಿಟ್ಟ, ಆಮೇಲೆ ಸಂಜೆಯ ತಿಂಡಿ ಬಿಟ್ಟ, ಕಡೆಗೆ ಬೆಳಿಗ್ಗೆ ಐದಕ್ಕೇ ಎದ್ದು ಬೀದಿನಾಯಿಗಳಿಂದ ಬೊಗಳಿಸಿಕೊಳ್ಳುತ್ತ ಮೂರು ಮೈಲಿ ನಡೆಯಲು ಶುರುಮಾಡಿದ. ಪ್ಯಾಂಟು ಮಾತ್ರ ಇವನ ಕಷ್ಟಕ್ಕೆ ಕರಗಲಿಲ್ಲ.

“ತೂಕ ಇಳೀತಿದೆ, ಹೊಟ್ಟೆ ಬೆಳೀತಿದೆ ಅಂತೀರಿ. ಎರಡೂ ಜೊತೆಗೆ ಆಗಬಾರದಲ್ಲ,” ಎಂದು ಡಾಕ್ಟರು ಅವನ ಸೊಂಟಕ್ಕೆ ಟೇಪು ಸುತ್ತಿದರು. “ಈಗ ಮೂವತ್ತಮೂರು. ಎರಡು ವರ್ಷದ ಹಿಂದೆ ಎಷ್ಟಿತ್ತು?”

ಗೊತ್ತಿದ್ದರೆ ತಾನೇ ಹೇಳುವುದು! ಟೈಲರಾಗಿರುವ ಹೆಂಡತಿಯನ್ನು ಕಟ್ಟಿಕೊಂಡವನು ತನ್ನ ಸೊಂಟಕ್ಕೆ ತಾನೇ ಟೇಪು ಹಿಡಿಯುತ್ತಾನೆಯೇ? ಅವಳು ಹೊಲಿದ ಪ್ಯಾಂಟು ಬಿಗಿಯಾಯಿತೆಂದರೆ ಇವನು ದಪ್ಪಗಾದ ಎಂದೇ ಲೆಕ್ಕ.

“ಅಂಗಡೀಲಿ ಅಳತೆ ಪುಸ್ತಕ ಇರುತ್ತಲ್ಲ, ನೋಡ್ಕೊಂಡು ಬನ್ನಿ. ಆಗ ಈಗಿನದಕ್ಕಿಂತ ಕಮ್ಮಿ ಇದ್ದಿದ್ರೆ ತಡ ಮಾಡೋದು ಬೇಡ, ಒಳಗೇನಿದೆ ಅಂತ ನೋಡಿಬಿಡೋಣ.”

ದಾರಿಯುದ್ದಕ್ಕೂ ಅವನು ಒಳಗೇನಿದೆ ಎಂದೇ ಯೋಚಿಸಿದ. ತಾನು ಹೋದರೆ ಹೋದೆ, ಪಾಪ, ಅವಳ ಗತಿಯೇನು? ಬೀದಿಗೆಲ್ಲ ಟೈಲರಕ್ಕ ಎನಿಸಿಕೊಂಡ ಅವಳಂಥ ಚಿನ್ನದಂಥ ಹೆಂಗಸು ಇನ್ನೊಬ್ಬಳಿರಲಿಲ್ಲ. ಗಿರಾಕಿಗಳು ಅಂಗಡಿಯ ಮೆಟ್ಟಿಲ ಮೇಲೇ ನಿಂತು ಬೈದರೂ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಬಾಯಲ್ಲಿ ಸದಾ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು. ತಲೆಯಾಡಿಸಿ, ನಕ್ಕು, ಬಟ್ಟೆ ಇಸಿದುಕೊಂಡು ಒಳಗಿಡುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಗಂಡನಿಗೂ ಒಂದು ಗಟ್ಟಿ ಮಾತು ಆಡಿದವಳಲ್ಲ. ಸ್ನೇಹಿತರು ತಮ್ಮ ತಮ್ಮ ಹೆಂಡಂದಿರ ಬಾಯಿಯ ಬಗ್ಗೆ ಗೋಳಾಡಿಕೊಂಡಾಗ ಇಸ್ತ್ರಿಯಣ್ಣ ಮೀಸೆ ತಿರುವಿ, ಪುಣ್ಯ ಮಾಡಿರಬೇಕಪ್ಪಾ, ಎನ್ನುತ್ತಿದ್ದ.

ಅವನು ಬಂದಾಗ ಅವಳು ದಾರ ತರಲು ಹೋಗಿದ್ದಳು. ಇಸ್ತ್ರಿ, ಗುಂಡಿ, ಕಾಜ ಇವನ ಕೆಲಸ. ಅಳತೆ, ಕತ್ತರಿ, ಹೊಲಿಗೆ ಅವಳದು. ಹೀಗಾಗಿ ಅಳತೆ ಪುಸ್ತಕವನ್ನು ಅವನು ಇಷ್ಟು ವರ್ಷದಲ್ಲಿ ಮುಟ್ಟಿದ್ದಿಲ್ಲ. ತೆರೆದರೆ ಮೊದಲು ಸಿಕ್ಕಿದ್ದು ಪಕ್ಕದ ಶಾಲೆಯ ಹೆಡ್‌ಮಿಸ್ಸಿನ ಪುಟ. ಸೊಂಟದ ಅಳತೆಯ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಮುದ್ದಾದ ಅಕ್ಷರ: ‘ಇದೂ ಒಂದು ಹೊಲಿಗೆನಾ ಅಂದರು. ಅರ್ಧ ಇಂಚು ಒಳಗೆ ಹಿಡಿದೆ.’ ಅದರ ಕೆಳಗೆ: ‘ಮೂರು ಸಲ ಬಿಚ್ಚಿಸಿದರು. ಮತ್ತರ್ಧ.’

ಇಸ್ತ್ರಿಯಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಆ ಹೆಡ್‌ಮಿಸ್ಸು ಹೋದ ವರ್ಷದಿಂದ ಮಧ್ಯಾಹ್ನದ ಊಟ ಬಿಟ್ಟು ಬರೀ ಸೌತೆಕಾಯಿ ಕಡಿಯುತ್ತಿದ್ದರು. ಪುಟ ತಿರುಗಿಸಿದ. ಅಂಚೆಯವನು, ಹಲ್ಲಿನ ಡಾಕ್ಟರು, ಎದುರುಮನೆ ಅತ್ತಿಗೆ, ಎಲ್ಲರ ಸೊಂಟಕ್ಕೂ ಕೆಂಪು ಬಿದ್ದಿತ್ತು. ನಮ್ಮ ಬೀದಿಯವರೆಲ್ಲ ಯಾಕೋ ಊದಿಕೊಳ್ಳುತ್ತಿದ್ದಾರೆ ಎಂದು ಅವನೇ ಎಷ್ಟು ಸಲ ಬೇಕರಿಯವನನ್ನು ಬೈದಿರಲಿಲ್ಲ!

ಕೊನೆಯ ಪುಟಕ್ಕೆ ಬಂದ. ‘ಇವರು’ ಎಂದು ಬರೆದಿತ್ತು. ಸೊಂಟ ಮೂವತ್ತಾರು. ಕೆಳಗೆ ಎರಡು ವರ್ಷದಲ್ಲಿ ಹದಿನಾಲ್ಕು ಸಲ ಕಾಲು ಕಾಲು ಇಂಚು.

‘ನನ್ನ ತಂಗಿಯ ಮುಂದೆ ನನ್ನ ನಡಿಗೆ ಅಣಕಿಸಿ ನಕ್ಕರು. ಕಾಲು ಇಂಚು.’

‘ಬಂದವರಿಗೆ ಅಂಗಡಿ ನಂದೇ ಅಂದರು. ಕಾಲು ಇಂಚು.’

‘ಮೂರು ದಿನ ಜ್ವರ. ಹೇಗಿದ್ದೀಯ ಅಂತ ಕೇಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದರು. ಕಾಲು ಇಂಚು.’

ತನಗೆ ಯಾವ ರೋಗವೂ ಇಲ್ಲ ಎಂದು ಕುಣಿಯಬೇಕಾದವನು ಇಸ್ತ್ರಿ ಮೇಜಿಗೆ ಒರಗಿ ನಿಂತುಬಿಟ್ಟ. ಜೊತೆಗೆ ಉಂಡು, ಜೊತೆಗೆ ಮಲಗಿದ ಹೆಂಗಸು! ತಾನು ಐದು ಗಂಟೆಯ ಚಳಿಯಲ್ಲಿ ನಾಯಿಗಳಿಗೆ ಹೆದರಿ ಓಡುವುದನ್ನು ಕಿಟಕಿಯಿಂದ ನೋಡುತ್ತಿದ್ದವಳು! ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಏಕೆಂದರೆ ಆ ಜ್ವರ ಅವನಿಗೆ ನೆನಪೇ ಇರಲಿಲ್ಲ, ಉಪ್ಪು ನೆನಪಿತ್ತು.

ಅವಳು ದಾರದ ಪೊಟ್ಟಣ ಹಿಡಿದು ಒಳಗೆ ಬಂದಳು. ತೆರೆದ ಪುಸ್ತಕ ನೋಡಿದಳು. ಬಾಯಿಂದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

“ಎಂಟು ಕಿಲೋ ಇಳ್ದಿದೀನಿ ಕಣೇ,” ಎಂದ ಅವನು. “ಸಾಯ್ತೀನಿ ಅಂದ್ಕೊಂಡಿದ್ದೆ.”

ಅವಳ ಮುಖ ಬಿಳಿಚಿಕೊಂಡಿತು. “ಅಷ್ಟೊಂದು ಅಂದ್ಕೊಂಡಿರಲಿಲ್ಲ ರೀ,” ಎಂದು ಕಣ್ಣೊರೆಸಿಕೊಂಡಳು. ಆಮೇಲೆ, “ಆದ್ರೂ ಬೆಳಿಗ್ಗೆ ನೀವು ಉಸಿರು ಹಿಡ್ಕೊಂಡು ಗುಂಡಿ ಹಾಕೋದು ನೋಡಿದ್ರೆ ಮನಸ್ಸಿಗೆ ತಂಪಾಗ್ತಿತ್ತು,” ಎಂದಳು.

“ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಹೇಳಿದ್ದೆ. ನೀವು ಹೂಂ ಅಂದ್ರಿ.”

ಅವನು ಹೂಂ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡ. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಎಲ್ಲ ಪ್ಯಾಂಟುಗಳನ್ನೂ ಬಿಚ್ಚಿ ಮೊದಲಿನಂತೆ ಮೂವತ್ತಾರು ಮಾಡುವುದು. ಇನ್ನುಮುಂದೆ ಏನಿದ್ದರೂ ಅವಳು ಬಾಯಲ್ಲೇ ಹೇಳುವುದು, ಅವನು ಕೂತು ಕೇಳುವುದು.

ಪ್ಯಾಂಟು ಸಡಿಲವಾಗಿ, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಇಸ್ತ್ರಿ ತಳ್ಳುವ ಸ್ಥಿತಿ ಬಂತು. ಅದನ್ನಾದರೂ ಸಹಿಸಬಹುದಿತ್ತು. ಅವಳು ಬಾಯಿ ತೆರೆದಳು ನೋಡಿ! ಮೊದಲ ದಿನ ಮದುವೆಯ ವಾರದಿಂದ ಶುರುಮಾಡಿದಳು. ಮೂರನೆಯ ದಿನಕ್ಕೆ ಮೊದಲ ವರ್ಷವೇ ಮುಗಿದಿರಲಿಲ್ಲ. ಅವನ ತಾಯಿ ಅಂದದ್ದು, ಅಕ್ಕ ಅಂದದ್ದು, ಅವರು ಅಂದಾಗ ಇವನು ಗೋಡೆ ನೋಡುತ್ತ ಕೂತದ್ದು, ಎಲ್ಲ ಇಂಚಿಂಚೂ ನೆನಪಿತ್ತು ಅವಳಿಗೆ. ಎಲ್ಲ ನಿಜವೂ ಆಗಿತ್ತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಎಂಟನೆಯ ದಿನ ಬೆಳಿಗ್ಗೆ ಅವಳು ಕಾಫಿ ಲೋಟ ಕುಕ್ಕಿ, “ನಾಲ್ಕನೇ ವರ್ಷ, ನಿಮ್ಮ ಅಕ್ಕ ಬಂದಿದ್ರಲ್ಲ…” ಎಂದಳು. ಇಸ್ತ್ರಿಯಣ್ಣ ಎದ್ದು ಒಳಗೆ ಹೋದ. ತನ್ನ ಪ್ಯಾಂಟುಗಳನ್ನೆಲ್ಲ ತಂದು ಅವಳ ಮಿಷನ್ನಿನ ಮೇಲೆ ಹಾಕಿ, ಡಬ್ಬಿಯಿಂದ ಗುಂಡುಪಿನ್ನು ಆರಿಸಿ ಅವಳ ಅಂಗೈಯಲ್ಲಿಟ್ಟ.

“ಜ್ವರ ಬಂದ್ರೆ ಕೇಳ್ತೀನಿ ತಾಯಿ, ಆಣೆ ಮಾಡ್ತೀನಿ. ಅಂಗಡಿ ನಿಂದೇ. ಹಳೇದಕ್ಕೆಲ್ಲ ಸೇರಿಸಿ ಎಷ್ಟು ಬೇಕೋ ಅಷ್ಟು ಹಿಡ್ಕೋ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಪಿನ್ನುಗಳನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ, ಅವನ ಸೊಂಟಕ್ಕೆ ಟೇಪು ಸುತ್ತಿ ಸರಿಯಾಗಿ ಅಳತೆ ತೆಗೆದುಕೊಂಡಳು. ಮೂವತ್ತಮೂರು. ಅವನ ಕಣ್ಣೆದುರಿಗೇ ಬರೆದಳು.

ಮಾರನೆಯ ದಿನ ಪ್ಯಾಂಟು ಹಾಕಿಕೊಂಡರೆ ಹೇಳಿ ಮಾಡಿಸಿದಂತಿತ್ತು. ಇಸ್ತ್ರಿಯಣ್ಣನಿಗೆ ಅಳು ಬಂತು. ನಿನಗಿಂತ ಒಳ್ಳೆಯವರಿಲ್ಲ ಎಂದು ಹೇಳಲು ಅಂಗಡಿಗೆ ಓಡಿದ. ಅಲ್ಲಿ ಹೆಡ್‌ಮಿಸ್ಸು ಹೊಸ ಸ್ಕರ್ಟು ಹಿಡಿದು, ಕೈಗೆ ಲಕ್ವ ಹೊಡೆದಿದೆಯಾ ಎಂದು ಅವಳನ್ನು ಕೇಳುತ್ತಿದ್ದರು. ಟೈಲರಕ್ಕ ಎಂದಿನಂತೆ ತಲೆಯಾಡಿಸಿ ನಗುತ್ತಿದ್ದಳು.

ಅವನು ಕೆಂಪು ಪೆನ್ಸಿಲನ್ನು ಹುಡುಕಿ, ಚೂಪು ಮಾಡಿ, ಅವಳ ಕೈಗೆ ಸಿಗುವಂತೆ ಇಟ್ಟ.