ವೀರಮ್ಮ ಮರಳಿಗೆ ಇಳಿದದ್ದು

ನಮ್ಮ ಶಾಲೆಯ ಪ್ರಿನ್ಸಿಪಾಲ್ ಸಾಹೇಬರಿಗೆ ಅವರ ಷಡ್ಡಕ ವಿದೇಶದಿಂದ ಒಂದು ಕೈಪಿಡಿ ತಂದುಕೊಟ್ಟಿದ್ದ. ಚಳಿಗಾಲದಲ್ಲಿ ಶಾಲಾ ಮಕ್ಕಳನ್ನು ಐದು ದಿನ ಹಿಮದ ಮೇಲೆ ಇರಿಸಿ ಸ್ವಾವಲಂಬನೆ ಕಲಿಸುವುದು ಹೇಗೆ ಎಂಬುದು ಅದರ ವಿಷಯ. ಬನಾರಸಿನಲ್ಲಿ ಹಿಮ ಬೀಳುವುದಿಲ್ಲ ಎಂಬ ಸಣ್ಣ ತೊಡಕನ್ನು ಸಾಹೇಬರು ಒಂದೇ ದಿನದಲ್ಲಿ ನಿವಾರಿಸಿಕೊಂಡರು. ಶಿಕ್ಷಕಿಯರ ಸಭೆ ಕರೆದು, ಹಿಮ ಎಂದು ಇರುವ ಕಡೆಯೆಲ್ಲ ಮರಳು ಎಂದು ಓದಿಕೊಳ್ಳಿ ಎಂದು ಆಜ್ಞೆ ಮಾಡಿದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಆದರೆ ಈ ಪೋರನಿಗೆ ಐವತ್ತೆರಡು ವರ್ಷ, ಮತ್ತು ನಮ್ಮ ಸಂಬಳದ ಹಾಳೆಗೆ ಸಹಿ ಹಾಕುವವರು ಅವರೇ.

ಅದು ತುರ್ತು ಪರಿಸ್ಥಿತಿಯ ಚಳಿಗಾಲ, ಎಪ್ಪತ್ತಾರರ ಜನವರಿ. ಊರ ನಡುವಿನ ಗೋದೌಲಿಯಾ ಪೇಟೆಯ ಗೋಡೆಗಳ ಮೇಲೆಲ್ಲ ಅನುಶಾಸನ, ಅನುಶಾಸನ ಎಂದು ಬರೆದಿದ್ದರು. ರಿಕ್ಷಾದವರು ಅದನ್ನು ಓದಿದ ಹಾಗೆ ಕಾಣಲಿಲ್ಲ. ನಾವು ಓದಿದ್ದೆವು, ಏಕೆಂದರೆ ಪಕ್ಕದ ಶಾಲೆಯಲ್ಲಿ ಹತ್ತು ನಿಮಿಷ ತಡವಾಗಿ ಬಂದ ಗಣಿತದ ಮೇಷ್ಟ್ರು ಅಮಾನತಾಗಿ ಮನೆಯಲ್ಲಿ ಕೂತಿದ್ದರು. ನಾನೂ ಗಣಿತದ ಟೀಚರೇ. ಹಾಗಾಗಿ ಸಭೆಯಲ್ಲಿ ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಶಿಬಿರಕ್ಕೆ ಆರಿಸಿದ ಜಾಗ ಗಂಗೆಯ ಆಚೆ ದಡ, ಊರವರ ಬಾಯಲ್ಲಿ ಉಸ್‌ಪಾರ್. ದೋಣಿಯಲ್ಲಿ ಇಪ್ಪತ್ತು ನಿಮಿಷ. ಕಾಶಿಯ ಗಂಡಸರು ತಲೆತಲಾಂತರದಿಂದ ಬೆಳಿಗ್ಗೆ ಚೊಂಬು ಹಿಡಿದು ದೋಣಿ ಹತ್ತಿ ಬಯಲಿಗೆ ಕೂರಲು ಹೋಗುವ ಜಾಗ ಅದು. ಅಲ್ಲಿಗೆ ನಾವು ಎಂಟನೇ ತರಗತಿಯ ನಲವತ್ತು ಹೆಣ್ಣುಮಕ್ಕಳನ್ನು ಪ್ರಕೃತಿ ಅಧ್ಯಯನಕ್ಕೆ ಕರೆದೊಯ್ಯಬೇಕಿತ್ತು. ಆಚೆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ ಎಂದು ಕಾಶಿಯಲ್ಲಿ ಎಲ್ಲರೂ ನಂಬುತ್ತಾರೆ. ತಾಯಂದಿರು ಬಂದು ಇದನ್ನೇ ಕೇಳಿದಾಗ, ಶಿಬಿರದ ಕಾರ್ಯಕ್ರಮದಲ್ಲಿ ಸಾವು ಸೇರಿಲ್ಲ ಎಂದು ಸಾಹೇಬರು ಸುತ್ತೋಲೆ ಹೊರಡಿಸಿದರು.

ನನ್ನ ತರಗತಿಯಲ್ಲಿ ಕನ್ನಡದ ಹುಡುಗಿ ಒಬ್ಬಳೇ, ಕೌಸಲ್ಯಾ. ಕನ್ನಡದ ಹುಡುಗಿ ಎನ್ನುವುದು ದಾಖಲೆಗೆ. ಅವಳು ಜಗಳವಾಡುವುದು, ಕನವರಿಸುವುದು ಎಲ್ಲ ಹಿಂದಿಯಲ್ಲೇ. ಕೊಪ್ಪಳದ ಕಡೆಯ ಅವಳ ಅಪ್ಪ ಅಮ್ಮ ಒಂದೇ ವಾರದಲ್ಲಿ ಕಾಲರಾಕ್ಕೆ ಹೋದ ಮೇಲೆ ಅಜ್ಜಿ ವೀರಮ್ಮ ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಕಾಶಿಗೆ ಬಂದಳು. ಬಂದದ್ದು ಸಾಯಲು. ಹನ್ನೊಂದು ವರ್ಷವಾದರೂ ಅವಳಿಗೆ ಸಾಯಲು ಪುರುಸೊತ್ತು ಸಿಕ್ಕಿರಲಿಲ್ಲ. ಮೊಮ್ಮಗಳ ಜಡೆ, ಮೊಮ್ಮಗಳ ಬುತ್ತಿ, ಮೊಮ್ಮಗಳ ನೆಗಡಿ.

ಅವರಿಬ್ಬರೂ ಇದ್ದದ್ದು ನಮ್ಮ ಕಡೆಯ ಒಂದು ಮಠದ ಹಿಂಭಾಗದಲ್ಲಿ. ನನ್ನ ಗಂಡ ಅಲ್ಲೇ ಗುಮಾಸ್ತ. ಅಂಗೈಯಲ್ಲಿ ಲಿಂಗ ಇರುವವರಿಗೆ ಕಾಶಿಯಾದರೇನು ಕಸದ ತಿಪ್ಪೆಯಾದರೇನು ಎಂದು ಪ್ರತಿ ಸೋಮವಾರ ಪ್ರವಚನ ಹೇಳುವ ಮಠವದು. ಆದರೆ ಅಲ್ಲಿನ ಹನ್ನೆರಡು ಕೋಣೆಗಳಲ್ಲಿ ಒಂದು ಬೇಕಾದರೆ, ಇನ್ನು ಕಾಶಿಯ ಗಡಿ ದಾಟುವುದಿಲ್ಲ, ಇಲ್ಲೇ ಸಾಯುತ್ತೇನೆ ಎಂದು ಗದ್ದುಗೆಯ ಮುಂದೆ ಆಣೆ ಮಾಡಬೇಕು. ಆಣೆ ಮುರಿದರೆ ಕೋಣೆ ಹೋಯಿತು. ಕೋಣೆಗಾಗಿ ಹತ್ತೊಂಬತ್ತು ಮುದುಕಿಯರು ಪಾಳಿಯಲ್ಲಿದ್ದರು. ಯಾರು ಯಾವಾಗ ಎಡವುತ್ತಾರೋ ಎಂದು ಅವರು ನೋಡುತ್ತಿದ್ದ ರೀತಿ ನೋಡಿದರೆ ಯಮನಿಗೂ ನಾಚಿಕೆಯಾಗಬೇಕು.

ವೀರಮ್ಮನನ್ನು ಒಪ್ಪಿಸಿದವಳು ನಾನೇ. ಶಿಬಿರಕ್ಕೆ ನಲವತ್ತು ಅಂದರೆ ನಲವತ್ತು ಮಕ್ಕಳು ಬೇಕು, ಒಬ್ಬಳು ಕಡಿಮೆಯಾದರೂ ತರಗತಿಯ ಟೀಚರು ಉತ್ತರ ಹೇಳಬೇಕು ಎಂದು ಸಾಹೇಬರು ಗುಡುಗಿದ್ದರು.

"ಚಳಿ ಭಾಳ ಐತಿ ತಾರವ್ವ," ಎಂದಳು ವೀರಮ್ಮ. "ನಾ ಅಂತೂ ಆಚೆ ಬರಾಂಗಿಲ್ಲ. ಕೂಸಿಗಿ ಏನರ ಆದ್ರ?"

"ನಾ ಇರ್ತೀನಲ್ಲಮ್ಮ," ಎಂದೆ. "ನನ್ನ ಮಗಳ ಗತೆ ನೋಡ್ಕೋತೀನಿ."

ಶಿಬಿರದ ಮೊದಲ ದಿನ ಚೆನ್ನಾಗಿಯೇ ನಡೆಯಿತು. ಡೇರೆ ಕಟ್ಟುವುದು ಮಕ್ಕಳಿಗೆ ಸ್ವಾವಲಂಬನೆಯ ಪಾಠ, ಆದ್ದರಿಂದ ಅಂಬಿಗರು ಕಟ್ಟಿದರು. ಅಡುಗೆಯೂ ಪಾಠವೇ, ಸೋನಾರ್‌ಪುರದ ಮಿಠಾಯಿ ಅಂಗಡಿಯ ಹಲವಾಯಿ ಪೂರಿ ಕರಿದ. ಹಿಮದ ಮೇಲೆ ಕಾಡುಪ್ರಾಣಿಗಳ ಹೆಜ್ಜೆ ಗುರುತಿಸುವ ಪಾಠದಲ್ಲಿ ಕೈಪಿಡಿ ಕರಡಿ, ತೋಳ, ಜಿಂಕೆ ಎಂದಿತ್ತು. ನಮಗೆ ಅಗಸರ ಕತ್ತೆಗಳ ಹೆಜ್ಜೆ ಸಿಕ್ಕಿತು. ಸಾಹೇಬರು ಅದರ ಪಕ್ಕದಲ್ಲಿ ಮಂಡಿಯೂರಿ ಬಹಳ ಹೊತ್ತು ಮಾತಾಡಿದರು. ಎದುರು ದಡದ ಮಹಡಿಗಳ ಮೇಲೆ ತಾಯಂದಿರು ಸೀರೆ ಬೀಸುತ್ತಿದ್ದರು, ಮಕ್ಕಳು ಟವೆಲು ಬೀಸುತ್ತಿದ್ದರು.

ಎರಡನೇ ದಿನದ ಪಾಠ ಶೀತ ಸಹಿಷ್ಣುತೆ. ಮಂಜಿನಲ್ಲಿ ದಡ ದಡಕ್ಕೆ ಕಾಣದ ಹೊತ್ತಿನಲ್ಲಿ ಮಕ್ಕಳನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ ಸಾಹೇಬರು ಇನ್ನೂರರವರೆಗೆ ಎಣಿಸಿದರು. ಅವರು ಎಣಿಸಿದ್ದು ದಡದಲ್ಲಿ, ಉಣ್ಣೆಯ ಕೋಟು, ಮಫ್ಲರು, ಕಾಲುಚೀಲಗಳ ಒಳಗಿಂದ. ಕೌಸಲ್ಯಾ ನೂರ ಎಂಬತ್ತಕ್ಕೆ ಬಿದ್ದಳು. ನಾನು ಎತ್ತಿಕೊಂಡು ಬಂದು ಡೇರೆಯಲ್ಲಿ ಮಲಗಿಸಿದೆ. ಹತ್ತು ಗಂಟೆಗೆ ಅವಳ ಮೈ ಬಾಣಲೆಯ ಹಾಗೆ ಕಾದಿತ್ತು. ಉಸಿರಿಗೆ ಕೊರಕೊರ ಸದ್ದು ಸೇರಿತ್ತು. "ಅಜ್ಜಿ, ಘರ್ ಚಲೋ," ಮನೆಗೆ ಹೋಗೋಣ ಎಂದು ಅವಳು ಜ್ವರದ ಮಂಪರಿನಲ್ಲಿ ನನಗೆ ಹೇಳುತ್ತಿದ್ದಳು. ಒಬ್ಬ ಅಂಬಿಗನನ್ನು ಮಠಕ್ಕೆ ಓಡಿಸಿದೆ.

ಮಠದಲ್ಲಿ ಏನಾಯಿತೆಂದು ಗಂಡ ಆಮೇಲೆ ಹೇಳಿದರು. ವೀರಮ್ಮ ಒಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಮಠದ ಪಾರುಪತ್ಯಗಾರರಾದ ಸೋಮಲಿಂಗಯ್ಯನವರ ಬಳಿ ಓಡಿದಳಂತೆ. ಅವರು ಕಣ್ಣು ಮುಚ್ಚಿ ಯೋಚಿಸಿ, ಗಂಗೆಯ ನೀರು ಪೂರ್ತಿ ಕಾಶಿಯದು, ಆಚೆಯ ಮರಳು ಕಾಶಿಯದಲ್ಲ ಎಂದು ತೀರ್ಪು ಕೊಟ್ಟರಂತೆ. ದೋಣಿಯಲ್ಲಿ ಹೋಗಿ ದೋಣಿಯಲ್ಲೇ ಕೂತು ಹುಡುಗಿಯನ್ನು ಹತ್ತಿಸಿಕೊಂಡು ಬಂದರೆ ಆಣೆಗೆ ಭಂಗವಿಲ್ಲ. ಅಷ್ಟೇ ಅಲ್ಲ, ಸಾಕ್ಷಿಗೆಂದು ತಾವೂ ಕಂಬಳಿ ಹೊದ್ದು ದೋಣಿ ಹತ್ತಿದರು.

ದೋಣಿಯ ಮೂತಿ ಮರಳಿಗೆ ತಾಗಿದಾಗ ನಾನು ಶಿಬಿರದ ಕಚೇರಿಯಲ್ಲಿದ್ದೆ. ಕಚೇರಿ ಎಂದರೆ ನಾಲ್ಕು ಬಿದಿರು, ಮೇಲೊಂದು ತಾಡಪತ್ರಿ, ಕೆಳಗೊಂದು ಮೇಜು, ಮೇಜಿನ ಮೇಲೊಂದು ರಿಜಿಸ್ಟರು. ದೋಣಿಗೂ ಮೇಜಿಗೂ ನಡುವೆ ಹತ್ತು ಹೆಜ್ಜೆ.

ಹುಡುಗಿಯನ್ನು ಅಜ್ಜಿಗೆ ಒಪ್ಪಿಸುತ್ತೇನೆ ಎಂದೆ. ಪಾಲಕರು ಖುದ್ದಾಗಿ ಕಚೇರಿಗೆ ಬಂದು ರಿಜಿಸ್ಟರಿಗೆ ಸಹಿ ಹಾಕದೆ ಮಗು ಶಿಬಿರ ಬಿಡುವಂತಿಲ್ಲ, ಕೈಪಿಡಿಯ ಹದಿನಾಲ್ಕನೇ ಪುಟ ನೋಡಿ ಎಂದರು ಸಾಹೇಬರು. ನಾಳೆ ಇನ್‌ಸ್ಪೆಕ್ಟರ್ ಬರುತ್ತಾರೆ, ನಲವತ್ತರಲ್ಲಿ ಒಬ್ಬಳು ಕಡಿಮೆಯಾದರೆ ಕಾಗದ ಪಕ್ಕಾ ಇರಬೇಕು. ಅಜ್ಜಿಯ ಆಣೆಯ ಸಂಗತಿ ಹೇಳಿದೆ. ಅವರಿಗೆ ಅದು ಅರ್ಥವಾಯಿತು, ಗೌರವವೂ ಹುಟ್ಟಿತು. ಆದರೆ ನಿಯಮ ನಿಯಮವೇ ಎಂದರು. ಹಾಗಾದರೆ ರಿಜಿಸ್ಟರನ್ನು ದೋಣಿಗೆ ಒಯ್ಯುತ್ತೇನೆ ಎಂದೆ.

"ತಾರಾದೇವಿಜೀ, ರಿಜಿಸ್ಟರ್ ಕಚೇರಿ ಬಿಟ್ಟು ಹೋಗುವಂತಿಲ್ಲ," ಎಂದು ಅವರು ಹಿಂದಿಯಲ್ಲಿ ಮೆತ್ತಗೆ ಹೇಳಿದರು. "ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ, ಅಲ್ಲವೇ?"

ನಾನು ದೋಣಿಯ ಕಡೆ ಓಡಿದೆ. ಮಠದ ಪರವಾಗಿ ನೀವೇ ಇಳಿದು ಸಹಿ ಹಾಕಿ ಎಂದು ಸೋಮಲಿಂಗಯ್ಯನವರನ್ನು ಬೇಡಿಕೊಂಡೆ. ಅವರಿಗೇನೂ ಆಣೆಯಿರಲಿಲ್ಲ, ವಾರಕ್ಕೊಮ್ಮೆ ಇದೇ ಆಚೆ ದಡದ ರಾಮನಗರಕ್ಕೆ ಬದನೆಕಾಯಿ ತರಲು ಹೋಗುತ್ತಿದ್ದವರೇ.

"ಹೆಣ್ಣು ಕೂಸು ನೋಡವ್ವ," ಎಂದು ಅವರು ಕಂಬಳಿಯೊಳಗಿಂದ ಹೇಳಿದರು. "ನಾಳೆ ಏನರ ಹೆಚ್ಚು ಕಡಿಮಿ ಆದ್ರ ಮಠದ ಹೆಸರು ಬರ್ತೈತಿ. ನಾ ಸಾಕ್ಷಿಗಷ್ಟ ಬಂದೀನಿ."

ಮತ್ತೆ ಮೇಜಿಗೆ, ಮತ್ತೆ ದೋಣಿಗೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಇಬ್ಬರು ಪೂಜಾರಿಗಳು, ನಡುವೆ ಓಡಾಡಲು ನಾನು. ಮೂರನೇ ಸಲ ಹೋದಾಗ ಡೇರೆಯಿಂದ ಕೌಸಲ್ಯಾ ಕೆಮ್ಮಿದ್ದು ಕೇಳಿಸಿತು. ವೀರಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದಳು. ಸೋಮಲಿಂಗಯ್ಯನವರು ಕಂಬಳಿಯಿಂದ ಕೈ ಹೊರತೆಗೆಯುವಷ್ಟರಲ್ಲಿ ಅವಳು ಇಳಿದಾಗಿತ್ತು. ಮೇಜಿನ ಮುಂದೆ ನಿಂತು, "ಎಲ್ಲಿ ಒತ್ಬೇಕು?" ಎಂದು ಕೇಳಿದಳು. ನಾನು ಜಾಗ ತೋರಿಸಿದೆ. ಹೆಬ್ಬೆಟ್ಟು ಒತ್ತಿದಳು.

ನಿಯಮದಂತೆ ನಡೆದರೆ ಎಲ್ಲ ಎಷ್ಟು ಸುಲಭ ನೋಡಿ ಎಂದರು ಸಾಹೇಬರು.

ಮರುದಿನ ಇನ್‌ಸ್ಪೆಕ್ಟರ್ ಬರಲಿಲ್ಲ. ಅವರ ಜವಾನ ಬಂದು ಪೂರಿ ತಿಂದು, ಯಾರನ್ನೂ ಎಣಿಸದೆ ನಲವತ್ತು ಎಂದು ಬರೆದುಕೊಂಡು ಹೋದ.

ಕೌಸಲ್ಯಾಗೆ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅವಳು ಮನೆಗೆ ಬಂದ ಮಾರನೇ ದಿನ ಮಠದ ಅಂಗಳದಲ್ಲಿ ಸಭೆ. ಪಾಳಿಯಲ್ಲಿದ್ದ ಹತ್ತೊಂಬತ್ತು ಮಂದಿಯೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದಿದ್ದರು.

ಸೋಮಲಿಂಗಯ್ಯನವರು ಕೆಟ್ಟವರಲ್ಲ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಹೌದು. ಅವರು ಕೋಣೆ ಉಳಿಸುವ ದಾರಿ ಹುಡುಕಿಕೊಂಡೇ ಬಂದಿದ್ದರು.

"ಒಂದ ಹೊತ್ತು ಉಪವಾಸ ಮಾಡ್ರಿ ವೀರಮ್ಮ," ಎಂದರು. "ಎಲ್ಲಾರ ಮುಂದ ನಾ ಇಳಿದದ್ದು ತಪ್ಪಾತು ಅಂತ ಒಂದ ಮಾತು ಅನ್ರಿ. ಸಾಕು. ಕೋಣಿ ನಿಮ್ಮದ."

ಎಷ್ಟು ದೊಡ್ಡ ಮನಸ್ಸು ಎಂದು ಅಂಗಳವೆಲ್ಲ ತಲೆದೂಗಿತು. ನಾನೂ ತೂಗಿದೆ. ಒಂದು ಮಾತು ತಾನೇ, ಅಂದುಬಿಡಲಿ ಎಂದುಕೊಂಡೆ. ಕೌಸಲ್ಯಾ ಕಂಬದ ಪಕ್ಕ ಶಾಲು ಹೊದ್ದು ನಿಂತಿದ್ದಳು. ವೀರಮ್ಮ ಅವಳನ್ನು ನೋಡಿದಳು.

"ಉಪಾಸ ಮಾಡ್ತೀನ್ರಿ ಅಪ್ಪಾರ, ಎರಡು ದಿನ ಬೇಕಾದ್ರೂ ಮಾಡ್ತೀನಿ," ಎಂದಳು. "ಆ ಮಾತು ಅನ್ನಾಕ ಆಗಂಗಿಲ್ಲ. ಕೂಸು ಇಲ್ಲೇ ನಿಂತೈತಿ. ಆಕಿ ಸಲುವಾಗಿ ಇಳಿದದ್ದು ತಪ್ಪು ಅಂತ ಆಕಿ ಮುಂದ ಹೆಂಗ ಅನ್ನಲಿ?"

"ಹಂಗಾದ್ರ ಹುಡುಗೀನ ಹೊರಗ ಕಳಸ್ರಿ, ಆಮ್ಯಾಲೆ ಅನ್ರಿ."

"ಆಕಿ ಹೊರಗ ಹೋದ್ರ ಅದು ತಪ್ಪಾಗ್ತದೇನ್ರಿ?"

ಸೋಮಲಿಂಗಯ್ಯನವರು ಪಾಳಿಯ ಪಟ್ಟಿ ತೆಗೆದು ಮುಂದಿನ ಹೆಸರು ಓದಿದರು.

ಅಜ್ಜಿ, ಮೊಮ್ಮಗಳು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯ ಜೊತೆ ಹನುಮಾನ್ ಘಾಟ್ ಗಲ್ಲಿಯ ನಮ್ಮ ಮನೆಗೆ ಬಂದರು. ಕರೆದವಳು ನಾನೇ, ಹಾಗಾದರೂ ಸ್ವಲ್ಪ ಹಗುರವಾಗುತ್ತದೆ ಎಂದುಕೊಂಡಿದ್ದೆ. ವೀರಮ್ಮ ಒಂದು ದಿನವೂ ನನ್ನನ್ನು ದೂರಲಿಲ್ಲ. ಬಂದ ಮೂರನೇ ದಿನ ಮಧ್ಯಾಹ್ನ ಇಬ್ಬರೂ ಅಕ್ಕಿ ಆರಿಸುತ್ತ ಕೂತಿದ್ದೆವು. ಅವಳು ಮೊರದಿಂದ ತಲೆ ಎತ್ತದೆ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದಳು.

"ತಾರವ್ವ, ಆ ಮೇಜಿನ ಮ್ಯಾಲಿನ ಪುಸ್ತಕ ಭಾಳ ಭಾರ ಇತ್ತೇನು?"

"ಇರಲಿಲ್ಲಮ್ಮ," ಎಂದೆ.